ಒಂಬತ್ತನೇ ತಾರೀಖಿನ ಹಾಜರಿ

ಕೋರಮಂಡಲ್
20-1-1958

ಡಾಕ್ಟರಮ್ಮ ವರಲಕ್ಷ್ಮಮ್ಮನವರಿಗೆ ಸೀನಪ್ಪನ ನಮಸ್ಕಾರಗಳು.

ನಿಮ್ಮನ್ನು ನೋಡಿ ಬಂದ ರಾತ್ರಿಯೇ ಕೆಟ್ಟ ಕನಸು ಬಿತ್ತು. ಬಿಲ್ಲೆ ಹಲಗೆಯಲ್ಲಿ ಮುನ್ನೂರ ನಲವತ್ತು ಮೊಳೆಗೂ ಬಿಲ್ಲೆ ತುಂಬಿದೆ. ಒಂದು ಮೊಳೆಯೂ ಖಾಲಿ ಇಲ್ಲ. ಸಂತೋಷವಾಗಿ ಕಿಟಕಿ ಮುಚ್ಚೋಣ ಅಂತ ಹೋದರೆ ಹಲಗೆಯ ಹಿಂದಿನಿಂದ ಯಾರೋ ಬಡಿಯುತ್ತಾರೆ. "ಸೀನಾ, ನಾನಿನ್ನೂ ಇಲ್ಲೇ ಇವ್ನಿ ಕಣ್ಲಾ" ಅನ್ನುತ್ತಾರೆ. ಯಾರು ಅಂತ ಕೇಳುವುದರೊಳಗೆ ಎಚ್ಚರವಾಯಿತು.

ಎದುರಿಗೆ ಕೂತು ಹೇಳಲಾಗದ್ದನ್ನು ಬರೆದು ಹಾಕಿ ಅಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಬೇತಮಂಗಲದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ಇದು ಐದನೇ ಕಾಗದ. ನಾಲ್ಕು ಹರಿದು ಹಾಕಿದ್ದನ್ನು ನೋಡಿ ನನ್ನ ಹೆಂಡತಿ ಅಂಜಮ್ಮ, "ಡಾಕ್ಟ್ರಿಗೆ ಬರ್ಯೋ ಕಾಗ್ದಾನೇ ಇಂಗೆ ಅರಿದ್ರೆ, ಅವ್ರು ಕಾಯಿಲೆ ಏನೂಂತ ಕೇಳೋದೇ ಬ್ಯಾಡ" ಅಂದಳು.

ರೈಲು ಹತ್ತಿದ ಮೇಲೆ ಒಂದು ಯೋಚನೆ ಹತ್ತಿತು. ನಮ್ಮ ಕೆಲಸ ನಿಮಗೆ ಸರಿಯಾಗಿ ಹೇಳಿದೆನೋ ಇಲ್ಲವೋ? ಗಣಿಗೆ ಇಳಿಯುವವನು ನನ್ನ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗುತ್ತಾನೆ. ಮೇಲೆ ಬಂದು ವಾಪಸು ಕೊಡುತ್ತಾನೆ, ನಾನು ಅವನ ಮೊಳೆಗೆ ತಗುಲಿಹಾಕುತ್ತೇನೆ. ಮೊಳೆ ಖಾಲಿ ಇದ್ದರೆ ಮನುಷ್ಯ ಕೆಳಗಿದ್ದಾನೆ ಅಂತ ಅರ್ಥ. ಅಷ್ಟೇ ಕೆಲಸ. ಆದರೆ ಹಲಗೆ ತುಂಬಿದರೂ ನನಗೆ ನಂಬಿಕೆ ಬರುವುದಿಲ್ಲ. ಮಧ್ಯಾಹ್ನ ಶಿಫ್ಟು ಮುಗಿದ ಮೇಲೆ ಗಣಿಯವರ ಲೈನು ಮನೆಗಳಿಗೆ ಹೋಗಿ, ಒಳಗೆ ಇಣುಕಿ, ಮನುಷ್ಯ ಊಟಕ್ಕೆ ಕೂತಿದ್ದಾನಾ ಅಂತ ನೋಡಿಕೊಂಡು ಬರುತ್ತೇನೆ. ದಿನಕ್ಕೆ ಎಂಟು ಮನೆ ಅಂದಿದ್ದೆ. ಕೆಲವು ದಿನ ಒಂಬತ್ತಾಗುತ್ತದೆ. ಎಂಟು ಅಂತ ಬರೆದುಕೊಂಡಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ನೀವು ಬರೆದುಕೊಳ್ಳುವ ಆ ನೋಟ್‌ಬುಕ್ಕು ಗಣಿಯ ಟೈಂ ಆಫೀಸಿಗೆ ಹೋಗುತ್ತದಾ? ಲೈನಿನವರು ದೂರು ಕೊಟ್ಟ ಮೇಲೇ ಟೈಂ ಆಫೀಸಿನ ಸುಬ್ಬರಾಯಪ್ಪನವರು ನನ್ನನ್ನು ನಿಮ್ಮ ಹತ್ತಿರ ಕಳಿಸಿದ್ದು. ಜೂನ್ ಮುಗಿಯುವುದರೊಳಗೆ ನಿಮ್ಮ ಕಾಗದ ತಂದರೆ ಕಿಟಕಿ ನನ್ನದು, ಇಲ್ಲದಿದ್ದರೆ ಮರದ ಯಾರ್ಡಿಗೆ ಹಾಕುತ್ತೇವೆ ಅಂದಿದ್ದಾರೆ. ಹತ್ತು ವರ್ಷದ ಕಿಟಕಿ ಅಮ್ಮ.

ಇವತ್ತು ಎಲ್ಲರೂ ಮೇಲೆ ಬಂದಿದ್ದಾರೆ ಅಂತ ಒಂದು ಸಾಲು ನೀವು ಬರೆದರೆ ನನಗೆ ಧೈರ್ಯವಾಗುತ್ತದೆ.

ಇಂತಿ,
ಸೀನಪ್ಪ


ಬಂಗಾರಪೇಟೆ
24-1-1958

ಶ್ರೀ ಸೀನಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ಅಕ್ಷರ ಚೆನ್ನಾಗಿಯೇ ಇದೆ. ಒಂಬತ್ತು ಅಂತ ತಿದ್ದಿಕೊಂಡಿದ್ದೇನೆ.

ನೋಟ್‌ಬುಕ್ಕು ನನ್ನ ಬೀರುವಿನಲ್ಲಿರುತ್ತದೆ, ಬೀಗದ ಕೈ ನನ್ನ ಸೆರಗಿನಲ್ಲಿ. ಅದು ಎಲ್ಲಿಗೂ ಹೋಗುವುದಿಲ್ಲ. ಆದರೆ ಜೂನಿನಲ್ಲಿ ನಾನು ಆಫೀಸಿಗೆ ಒಂದು ವರದಿ ಬರೆಯಲೇಬೇಕು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಎಲ್ಲರೂ ಮೇಲೆ ಬಂದಿದ್ದಾರೆ ಸೀನಪ್ಪನವರೇ. ಸಮಾಧಾನವಾಗಿರಿ.

ಭಾನುವಾರ ಹತ್ತು ಗಂಟೆಗೆ ಬನ್ನಿ.

ವರಲಕ್ಷ್ಮಮ್ಮ


ಕೋರಮಂಡಲ್
4-2-1958

ಡಾಕ್ಟರಮ್ಮನವರಿಗೆ,

ಮೊನ್ನೆ ಭಾನುವಾರ ಎದುರಿಗಿದ್ದಾಗ ಹೇಳಲು ನಾಚಿಕೆಯಾಯಿತು. ನಿಮ್ಮ ಕಾಗದ ಬಂದ ದಿನ ನನಗೆ ಹಬ್ಬ. ಅಂಗಿ ಜೇಬಿನಲ್ಲಿಟ್ಟುಕೊಂಡು, ಹಲಗೆ ತುಂಬಿದ ಮೇಲೆ ಒಂದು ಸಲ ಓದಿ, ಯಾರ ಮನೆಗೂ ಹೋಗದೆ ಸೀದಾ ನಮ್ಮ ಮನೆಗೆ ಹೋದೆ. ಅಂಜಮ್ಮ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಅಂತ.

ಮಾರನೇ ದಿನ ಓದಿದಾಗ ಅನುಮಾನ ಬಂತು. ನೀವು ಬರೆದಿದ್ದು ಇಪ್ಪತ್ತನಾಲ್ಕನೇ ತಾರೀಖು. ಅದು ಆ ದಿನದ ಮಾತು. ಇವತ್ತಿಗೆ? ನಾಳೆಗೆ? ಓದಿ ಓದಿ ಮಡಿಕೆಯಲ್ಲಿ ಕಾಗದ ಹರಿದು, "ಎಲ್ಲರೂ" ಒಂದು ಕಡೆ, "ಬಂದಿದ್ದಾರೆ" ಇನ್ನೊಂದು ಕಡೆ ಆಯಿತು. ಈ ವಾರ ದಿನಕ್ಕೆ ಹನ್ನೊಂದು ಮನೆ ಆಗಿದೆ. ಆರುಮುಗಂ ಅಂತ ಒಬ್ಬರಿದ್ದಾರೆ, ಮೊದಲು ಅವರ ಮನೆಗೇ ಹೋಗುವುದು ನಾನು. ಅವರು ನನ್ನನ್ನು ಕಂಡ ತಕ್ಷಣ ಹೆಂಡತಿಗೆ, "ಮಾರಿಯಮ್ಮಾ, ಎಣಿಸಪ್ಪ ಬಂದಾಚ್ಚು. ನನ್ನ ಎತ್ತಿ ತೋರ್ಸು" ಅಂತ ಕೂಗುತ್ತಾರೆ. ಮಕ್ಕಳೆಲ್ಲ ನಗುತ್ತಾರೆ. ನಾನೂ ನಗುತ್ತೇನೆ. ನಕ್ಕು ಮುಂದಿನ ಮನೆಗೆ ಹೋಗುತ್ತೇನೆ.

ಇದರ ಜೊತೆ ಆರು ಕಾರ್ಡು ಇಟ್ಟಿದ್ದೇನೆ. ನನ್ನ ವಿಳಾಸ ನಾನೇ ಬರೆದಿದ್ದೇನೆ, ನಿಮಗೆ ತೊಂದರೆ ಬೇಡ. ದಿನಕ್ಕೊಂದರಂತೆ ಎಲ್ಲರೂ ಬಂದಿದ್ದಾರೆ ಅಂತ ಬರೆದು ಡಬ್ಬಿಗೆ ಹಾಕಿದರೆ ಸಾಕು. ಭಾನುವಾರಕ್ಕೆ ಬೇಡ, ರಜ.

ಇಂತಿ,
ಸೀನಪ್ಪ


ಬಂಗಾರಪೇಟೆ
7-2-1958

ಶ್ರೀ ಸೀನಪ್ಪನವರಿಗೆ,

ನಿಮ್ಮ ಆರು ಕಾರ್ಡುಗಳಲ್ಲಿ ಇದು ಒಂದು. ಉಳಿದ ಐದು ಭಾನುವಾರ ವಾಪಸು ಕೊಡುತ್ತೇನೆ.

ನಾನು ತಪ್ಪು ಮಾಡಿದೆ. ಬಂಗಾರಪೇಟೆಯಲ್ಲಿ ಕುರ್ಚಿಯ ಮೇಲೆ ಕೂತು, ನಿಮ್ಮ ಗಣಿಯಿಂದ ಎಲ್ಲರೂ ಮೇಲೆ ಬಂದಿದ್ದಾರೆ ಅಂತ ಬರೆದುಬಿಟ್ಟೆ. ನನಗೆ ಹೇಗೆ ಗೊತ್ತು? ನಾನು ಗಣಿಯ ಬಾಯನ್ನೇ ನೋಡಿಲ್ಲ. ನಿಮಗೆ ಒಳ್ಳೆಯದಾಗಲಿ ಅಂತ ಹೇಳಿದ ಸುಳ್ಳು ಅದು, ಒಂದು ದಿನವೂ ಬಾಳಿಕೆ ಬರಲಿಲ್ಲ. ಇನ್ನು ಮೇಲೆ ನನಗೆ ಗೊತ್ತಿಲ್ಲದ್ದನ್ನು ನಿಮಗೆ ಹೇಳುವುದಿಲ್ಲ.

ಬದಲಿಗೆ ನೀವು ನನಗೆ ಹೇಳಿಕೊಡಿ. ಬಿಲ್ಲೆ ಕೊಡುವವರು ಹೇಗೆ ಕೊಡುತ್ತಾರೆ? ನೀವು ಹೇಗೆ ತೆಗೆದುಕೊಳ್ಳುತ್ತೀರಿ? ಕೈ ಎಲ್ಲಿ, ಕಣ್ಣು ಎಲ್ಲಿ? ಈ ಕೆಲಸದಲ್ಲಿ ನಾನು ಒಂದನೇ ಕ್ಲಾಸು.

ವರಲಕ್ಷ್ಮಮ್ಮ


ಕೋರಮಂಡಲ್
18-2-1958

ಡಾಕ್ಟರಮ್ಮನವರಿಗೆ,

ಡಾಕ್ಟರು ತಪ್ಪು ಮಾಡಿದೆ ಅಂತ ಬರೆದಿದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಆ ಕಾರ್ಡನ್ನು ಅಂಜಮ್ಮನಿಗೂ ಓದಿ ಹೇಳಿದೆ. "ಒಳ್ಳೆ ಎಂಗಸು" ಅಂದಳು.

ಪಾಠ ಕೇಳಿದ್ದೀರಿ, ಬರೆಯುತ್ತೇನೆ. ಜನರನ್ನು ಇಳಿಸಿ ಹತ್ತಿಸುವ ಕೇಜು ಮೇಲೆ ಬಂದಾಗ ಒಂದೇ ಸಲ ಜನ ಕಿಟಕಿಗೆ ನುಗ್ಗುತ್ತಾರೆ. ಕಿಟಕಿ ಚಿಕ್ಕದು, ಎರಡು ಗೇಣಗಲ. ಕೈ ಮಾತ್ರ ಒಳಗೆ ಬರುತ್ತದೆ. ಬಿಲ್ಲೆಗೆ ಬೆವರು, ಮಣ್ಣು. ನಾನು ಅಂಗಿ ತುದಿಯಿಂದ ನಂಬರು ಒರೆಸಿ ತಗುಲಿಹಾಕುತ್ತೇನೆ. ಕೈ ನೋಡಿಯೇ ಇವರು ಯಾರು ಅಂತ ಹೇಳಬಲ್ಲೆ. ಉಗುರು ಕಪ್ಪಾದದ್ದು ದೊಡ್ಡವೆಂಕಟಪ್ಪ, ಉಂಗುರದ ಗುರುತು ಇದ್ದದ್ದು ಆರುಮುಗಂ. ಕಣ್ಣು ನಂಬರಿನ ಮೇಲಿರುತ್ತದೆ. ಮುಖ ನೋಡಲು ಬಗ್ಗಬೇಕು. ಬಗ್ಗುವುದು ಕಡಿಮೆ.

ಪಕ್ಕದಲ್ಲೇ ದೀಪದ ರೂಮು. ಅಲ್ಲಿ ಮುನಿಶಾಮಪ್ಪ ಅಂತ ದೀಪ ಒರೆಸುವವರು. ಮೊದಲು ಕೆಳಗಿಳಿಯುತ್ತಿದ್ದರು, ಎರಡು ವರ್ಷದ ಹಿಂದೆ ಕಲ್ಲು ಬಿದ್ದು ಕಾಲು ಮುರಿಯಿತು. ಬಿಲ್ಲೆ ಮೇಲಿತ್ತು, ಅವರು ಕೆಳಗಿದ್ದರು. ಹಲಗೆ ತುಂಬಿದೆ ಅಂತ ಯಾರೂ ಹುಡುಕಲಿಲ್ಲ. ಮುಂದಿನ ಶಿಫ್ಟಿನವರು ಕಂಡು ಎತ್ತಿಕೊಂಡು ಬಂದರು, ಅಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಅದು ಹೇಗಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಅವರು ಕಿಟಕಿ ಮುಂದೆ ಹಾದರೆ ನಾನು ಪುಸ್ತಕದೊಳಗೆ ತಲೆ ಹಾಕುತ್ತೇನೆ. ಕೆಲಸ ಜಾಸ್ತಿ ಇರುತ್ತದಲ್ಲ, ಅದಕ್ಕೆ.

ಈ ಭಾನುವಾರ ಅಂಜಮ್ಮ ಹುರಿಗಡಲೆ ಉಂಡೆ ಕೊಟ್ಟು ಕಳಿಸುತ್ತಾಳೆ. ಬೇಡ ಅನ್ನಬೇಡಿ.

ಇಂತಿ,
ಸೀನಪ್ಪ


ಕೋರಮಂಡಲ್
10-3-1958

ಡಾಕ್ಟರಮ್ಮನವರಿಗೆ,

ಇದೇ ನನ್ನ ಕೊನೆಯ ಕಾಗದ.

ನೀವು ಕೊಟ್ಟ ಚೀಟಿಯಲ್ಲಿ ಒಂಬತ್ತನೇ ತಾರೀಖು ಭಾನುವಾರ ಹತ್ತು ಗಂಟೆ ಅಂತಿದೆ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿಗೇ ಬಂದೆ. ನಿಮ್ಮ ರೂಮಿಗೆ ಬೀಗ. ಹತ್ತೂಕಾಲಾಯಿತು, ಹತ್ತೂವರೆ ಆಯಿತು. ನಿಮಗೆ ಏನೋ ಆಗಿದೆ ಅಂತ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೀಗದೊಳಗೇ ಬಿದ್ದಿದ್ದರೆ? ಕಿಟಕಿ ಸಂದಿನಲ್ಲಿ ನೋಡಿದೆ, ಕುರ್ಚಿ ಕಂಡಿತು, ನೀವು ಕಾಣಲಿಲ್ಲ. ಸ್ಟೇಷನ್ ಹತ್ತಿರ ಹೂ ಮಾರುವ ಮುತ್ಯಾಲಮ್ಮನನ್ನು ಕೇಳಿ ನಿಮ್ಮ ಮನೆಗೆ ಓಡಿಕೊಂಡು ಬಂದೆ.

ನೀವು ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಹಿತ್ತಲಲ್ಲಿ ಕೂತಿದ್ದಿರಿ. ಎಣ್ಣೆ ಕಿವಿಯವರೆಗೆ ಇಳಿದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ "ಮೇಲೆ ಬಂದ್ರಾ ಅಮ್ಮ!" ಅಂತ ಕೂಗಿಬಿಟ್ಟೆ. ನೀವೇನು ಮಾಡಿದಿರಿ? "ಇಲ್ಲಿಗೂ ಬಂದಿರಾ? ಇದು ಮನೆ, ಆಸ್ಪತ್ರೆಯಲ್ಲ" ಅಂದು ಬಾಗಿಲು ಹಾಕಿಕೊಂಡಿರಿ. ಒಳಗೆ ಯಾರೋ ನೆಂಟರು ನಕ್ಕರು.

ಲೈನಿನವರು ನಗುತ್ತಾರೆ, ಸಹಿಸಿಕೊಳ್ಳುತ್ತೇನೆ. ನಿಮ್ಮ ಮನೆಯ ನಗು ಬೇರೆ. ನಾನು ಇನ್ನು ಬರುವುದಿಲ್ಲ. ಮರದ ಯಾರ್ಡಿನಲ್ಲಿ ಬಿಲ್ಲೆಯೂ ಇಲ್ಲ, ಮೊಳೆಯೂ ಇಲ್ಲ. ಅದೇ ವಾಸಿ.

ಸೀನಪ್ಪ


ಬಂಗಾರಪೇಟೆ
12-3-1958

ಸೀನಪ್ಪನವರಿಗೆ,

ನೀವು ಸರಿ, ನಾನು ತಪ್ಪು.

ಆ ದಿನ ನಮ್ಮ ಅಣ್ಣನ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಅವತ್ತು ಬರಬೇಡಿ ಅಂತ ಎಲ್ಲರಿಗೂ ಕಾರ್ಡು ಬರೆದೆ. ನಿಮ್ಮದು ಪುಸ್ತಕದೊಳಗೇ ಉಳಿದುಹೋಗಿತ್ತು. ಇವತ್ತು ಸಿಕ್ಕಿತು, ಇದರ ಜೊತೆ ಇಟ್ಟಿದ್ದೇನೆ, ನೋಡಿ. ಹಾಕದ ಕಾರ್ಡಿಗೆ ನೀವು ಹೊಣೆಯಲ್ಲ.

ಬಾಗಿಲು ಹಾಕಿದ್ದು ಇನ್ನೊಂದು ತಪ್ಪು. ಎಣ್ಣೆ ತಲೆಯಲ್ಲಿ ಸಿಕ್ಕಿಬಿದ್ದೆನಲ್ಲ ಅಂತ ನನಗೆ ನಾಚಿಕೆ. ಆ ನಾಚಿಕೆಯನ್ನು ನಿಮ್ಮ ಮೇಲೆ ಕೋಪ ಮಾಡಿ ತೀರಿಸಿಕೊಂಡೆ. ನಕ್ಕಿದ್ದು ನಮ್ಮ ಅತ್ತಿಗೆ, ನಕ್ಕಿದ್ದು ನನ್ನನ್ನು ನೋಡಿ.

ನಿಮ್ಮ ಕಾಗದ ಓದಿ ನನಗೆ ಒಂದು ಸಂತೋಷವೂ ಆಯಿತು. ಎರಡು ತಿಂಗಳಿಂದ ನಾನು ಏನು ಹೇಳಿದರೂ "ಆಗಲಿ ಅಮ್ಮ" ಅನ್ನುತ್ತಿದ್ದಿರಿ. ಈಗ ಮೊದಲ ಸಲ ನನ್ನನ್ನು ಬೈದಿದ್ದೀರಿ. ಬೈಯಲು ಆಗದವರ ಹತ್ತಿರ ಯಾರೂ ನಿಜ ಹೇಳುವುದಿಲ್ಲ.

ವರದಿಯ ವಿಷಯ ನಿಮ್ಮನ್ನು ಕೊರೆಯುತ್ತಿದೆ ಅಂತ ನನಗೆ ಗೊತ್ತು. ಅದಕ್ಕೊಂದು ಮಾತು ಕೊಡುತ್ತೇನೆ. ನಿಮ್ಮ ಬಗ್ಗೆ ನಾನು ಬರೆಯುವುದನ್ನು ಮೊದಲು ನೀವು ಓದುತ್ತೀರಿ. ನೀವು ಓದದ ಒಂದು ಸಾಲೂ ಆಫೀಸಿಗೆ ಹೋಗುವುದಿಲ್ಲ. ತಪ್ಪಿದ್ದರೆ ತಿದ್ದಿಸಿ.

ಹದಿನಾರನೇ ತಾರೀಖು ಒಂಬತ್ತೂವರೆಗೇ ಬಾಗಿಲು ತೆರೆದಿರುತ್ತದೆ. ಗಾಳಿಗೆ ಮುಚ್ಚದ ಹಾಗೆ ಕುರ್ಚಿ ಅಡ್ಡ ಇಡುತ್ತೇನೆ. ಬರುವುದು, ಬಿಡುವುದು ನಿಮ್ಮ ಇಷ್ಟ.

ವರಲಕ್ಷ್ಮಮ್ಮ


ಕೋರಮಂಡಲ್
7-4-1958

ಅಮ್ಮನವರಿಗೆ,

ಹದಿನಾರಕ್ಕೆ ಬಂದೆ, ಆಮೇಲೂ ಮೂರು ಭಾನುವಾರ ಬಂದೆ. ಪ್ರತಿ ಸಲ ಬಾಗಿಲಿಗೆ ಅಡ್ಡ ಕುರ್ಚಿ ಇತ್ತು. ನಿನ್ನೆ ಎಲ್ಲ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಬೇತಮಂಗಲದ ಕೆರೆಯಲ್ಲಿ ನೀರು ಎಷ್ಟಿದೆ ಅಂತ ಮಾತಾಡಿ ಬಂದೆ. ನೀವೂ ಕೆರೆಯ ಬಗ್ಗೆ ಕೇಳುತ್ತಾ ಕೂತಿದ್ದಿರಿ, ಅವಸರ ಮಾಡಲಿಲ್ಲ. ರೈಲಿನಲ್ಲಿ ಅದನ್ನೇ ನೆನೆದುಕೊಂಡೆ.

ಮುನಿಶಾಮಪ್ಪನವರ ಬಿಲ್ಲೆ ಹೇಗೆ ಮೇಲೆ ಬಂತೋ ಯಾರಿಗೂ ಗೊತ್ತಿಲ್ಲ ಅಂತ ಬರೆದಿದ್ದೆನಲ್ಲ. ನನಗೆ ಗೊತ್ತು. ತಗುಲಿಹಾಕಿದ್ದು ನಾನೇ.

ಅವತ್ತು ಕಿಟಕಿಯಲ್ಲಿ ಬೇಯಿಸಿದ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದೆ. ಒಂದು ಕೈ ಒಳಗೆ ಬಂತು. ಎರಡು ಬಿಲ್ಲೆ ಇಟ್ಟು ಹೋಯಿತು. ಬೆವರಿಗೆ ಎರಡೂ ಅಂಟಿಕೊಂಡಿದ್ದವು. 212 ಮುನಿಶಾಮಪ್ಪ, 213 ಆರುಮುಗಂ. ಎರಡು ಬಿಲ್ಲೆ, ಒಂದು ಕೈ. ಅವರವರ ಬಿಲ್ಲೆ ಅವರವರೇ ಕೊಡಬೇಕು, ಅದು ರೂಲು. ಬಗ್ಗಿ ನೋಡಿ "ಇದು ಯಾರದಪ್ಪಾ?" ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಕೈಯಲ್ಲಿ ಕಡಲೆಕಾಯಿ ಇತ್ತು.

ಎನ್‌ಕ್ವಯರಿಯಲ್ಲಿ ಎಲ್ಲರ ಬಿಲ್ಲೆ ಅವರವರ ಕೈಯಿಂದಲೇ ತೆಗೆದುಕೊಂಡೆ ಅಂತ ಹೇಳಿದೆ. ಆರುಮುಗಂ ನನ್ನದು ಮಾತ್ರ ಕೊಟ್ಟೆ ಅಂದರು. ಮುನಿಶಾಮಪ್ಪ ಏನೂ ನೆನಪಿಲ್ಲ ಅಂದರು. ಅಲ್ಲಿಗೆ ಮುಚ್ಚಿದರು.

ಅಂಜಮ್ಮನಿಗೂ ಹೇಳಿಲ್ಲ ಇದನ್ನು. ನೀವು ವರದಿಯಲ್ಲಿ ಬರೆಯುತ್ತೀರೋ ಬಿಡುತ್ತೀರೋ. ಡಬ್ಬಿಗೆ ಹಾಕಿದ ಮೇಲೆ ವಾಪಸು ತೆಗೆಯಲು ಕೈ ಹಾಕುತ್ತೇನೆ ಅಂತ ಹೆದರಿ, ಪೋಸ್ಟ್‌ಮ್ಯಾನ್ ಕೈಗೇ ಕೊಡುತ್ತಿದ್ದೇನೆ.

ಸೀನಪ್ಪ


ಬಂಗಾರಪೇಟೆ
9-4-1958

ಪ್ರಿಯ ಸೀನಪ್ಪನವರೇ,

ಕಾಗದ ಎರಡು ಸಲ ಓದಿದೆ. ಈಗ ಅದು ಬೀರುವಿನಲ್ಲಿದೆ. ಬೀಗ ಹಾಕಿದ್ದೇನೆ. ವರದಿಗೆ ಅದು ಹೋಗುವುದಿಲ್ಲ. ಅದು ನಿಮ್ಮ ಮಾತು, ಯಾರಿಗೆ ಹೇಳಬೇಕೋ ನೀವೇ ಹೇಳುವಂಥದ್ದು.

ನಿಮ್ಮ ತಪ್ಪೇ ಇಲ್ಲ ಅಂತ ನಾನು ಬರೆಯುವುದಿಲ್ಲ. ಸುಮ್ಮನೆ ಸಮಾಧಾನ ಹೇಳಿ ಒಂದು ಸಲ ಕೆಟ್ಟಿದ್ದೇನೆ. ಆದರೆ ಇದನ್ನು ಎರಡು ವರ್ಷ ಒಬ್ಬರೇ ಹೊತ್ತಿದ್ದು ಬಹಳ ಭಾರ. ಈಗ ಇಬ್ಬರಾದೆವು.

ಒಂದು ಮಾತು ಮಾತ್ರ ಕೇಳುತ್ತೇನೆ. ನೀವು ಎಂಟು ಮನೆಗೆ ಹೋಗುತ್ತೀರಿ, ಒಂಬತ್ತಕ್ಕೆ ಹೋಗುತ್ತೀರಿ, ಹನ್ನೊಂದಕ್ಕೂ ಹೋಗಿದ್ದೀರಿ. ಒಂದೊಂದು ಮನೆಯ ಹೆಸರೂ ನನಗೆ ಹೇಳಿದ್ದೀರಿ. ಮುನಿಶಾಮಪ್ಪನವರ ಮನೆ ಅದರಲ್ಲಿ ಯಾಕಿಲ್ಲ?

ಭಾನುವಾರ ಕುರ್ಚಿ ಅಡ್ಡ ಇರುತ್ತದೆ.

ವರಲಕ್ಷ್ಮಮ್ಮ


ಕೋರಮಂಡಲ್
29-4-1958

ಅಮ್ಮನವರಿಗೆ,

ಹೋಗಿ ಬಂದೆ! ಭಾನುವಾರದವರೆಗೆ ತಡೆಯಲಾರೆ, ಈಗಲೇ ಬರೆಯುತ್ತೇನೆ.

ಮೂರು ದಿನ ಅವರ ಬಾಗಿಲಿನವರೆಗೆ ಹೋಗಿ ತಿರುಗಿದ್ದೆ. ಇವತ್ತು ಮುನಿಶಾಮಪ್ಪ ಜಗುಲಿಯ ಮೇಲೆ ಕೂತು ಕೋಳಿಗೆ ನುಚ್ಚು ಹಾಕುತ್ತಿದ್ದರು. "ಏನ್ಲಾ ಸೀನಾ, ದಾರಿ ತಪ್ಪಿತಾ? ಎಲ್ಲಾರ ಮನೆಗೂ ಓಗ್ತೀಯ, ನಮ್ಮನೇಲೇನು ನಾಯಿ ಕಟ್ಟಾಕಿದ್ವಾ?" ಅಂದರು.

ಚಪ್ಪಲಿ ಸಹ ಬಿಡದೆ, ನಿಂತಲ್ಲೇ, ಒಂದೇ ಉಸಿರಿಗೆ ಹೇಳಿದೆ. ಕಡಲೆಕಾಯಿಯನ್ನೂ ಬಿಡಲಿಲ್ಲ. ಕೋಳಿಯೊಂದು ಅವರ ಮುರಿದ ಕಾಲಿನ ಮೇಲೆ ಹತ್ತಿ ಇಳಿಯಿತು. ಆಮೇಲೆ ನಗಲು ಶುರು ಮಾಡಿದರು ನೋಡಿ, ಕೆಮ್ಮು ಬರುವವರೆಗೆ ನಕ್ಕರು.

"ಅಯ್ಯೋ ಪುಣ್ಯಾತ್ಮ, ಆರುಮುಗಂ ಕೈಗೆ ಬಿಲ್ಲೆ ಕೊಟ್ಟು ಕಳ್ಸಿದ್ದೇ ನಾನು ಕಣ್ಲಾ! ಒಂದ್ ಗಳಿಗೆ ಒರಗಾನ, ಮುಂದಿನ ಕೇಜ್‌ಗೆ ಬರಾನ ಅಂತ. ಎದ್ದು ಬರೋವಾಗ ಕಲ್ಲು ಜಾರ್ತು. ಬಾಯ್ ಬಿಟ್ರೆ ಮೂರು ಜನದ ಕೆಲ್ಸಾನೂ ಓಗ್ತದೆ ಅಂತ ಗ್ಯಾಪಕ ಇಲ್ಲ ಅಂದೆ. ನೀನು ನನ್ನ ಕಂಡ್ರೆ ಪುಸ್ತಕದಾಗೆ ತಲೆ ಊತ್ಕೊತಿದ್ದೆ. ರೂಲು ಮುರಿದು ಇವ್ನಿಗೆ ತೊಂದ್ರೆ ಕೊಟ್ನಲ್ಲಾ, ಅದಕ್ಕೇ ನನ್ ಮ್ಯಾಲೆ ಕ್ವಾಪ ಅನ್ಕಂಡಿದ್ದೆ!"

"ಆದ್ರೂ ಮಕ ನೋಡ್ದೆ ತಗ್ಲಾಕಿದ್ದು ನಾನಲ್ವಾ ಮಾವ?" ಅಂದೆ.

"ಊಂ, ಅದು ನಿಂದೇ. ಅದ್ರಾಗೆ ನಂಗೆ ಪಾಲು ಬ್ಯಾಡ. ನಿದ್ದೆ ನಂದು, ಸುಳ್ಳು ಆರುಮುಗಂದು, ಕಡ್ಲೆಕಾಯಿ ನಿಂದು" ಅಂದರು.

ಅವರ ಹೆಂಡತಿ ಸೊಣ್ಣಮ್ಮ ಒಳಗಿಂದ, "ಎರಡು ವರ್ಷ ಒಬ್ರ ಮಕ ಒಬ್ರು ನೋಡಿಲ್ಲ, ಥೂ ನಿಮ್ಮ! ಎಂಗಸ್ರಾಗಿದ್ರೆ ಬಾವಿ ತಾವೇ ಜಗಳ ಆಡಿ ಸಂಜೆಗೆ ಸರಿ ಓಗ್ತಿದ್ವಿ" ಅಂದರು. ಮುದ್ದೆ, ಸೊಪ್ಪಿನ ಸಾರು ಉಂಡು ಬಂದೆ. ಎರಡನೇ ಮುದ್ದೆ ಬೇಡ ಅಂದರೂ ಬಿಡಲಿಲ್ಲ.

ಮನೆಗೆ ಬಂದು ಅಂಜಮ್ಮನಿಗೂ ಹೇಳಿದೆ. ಅವಳು ಅತ್ತಳು. ಆಮೇಲೆ ಕಡಲೆಕಾಯಿ ತರುವುದನ್ನು ನಿಲ್ಲಿಸುತ್ತೇನೆ ಅಂದಳು.

ಸುಬ್ಬರಾಯಪ್ಪನವರಿಗೆ ಹೇಳುವುದೊಂದು ಉಳಿದಿದೆ. ಆರುಮುಗಂ, ಮುನಿಶಾಮಪ್ಪ ಇಬ್ಬರ ಹೆಸರೂ ಬರುತ್ತದಲ್ಲ, ಏನು ಮಾಡಲಿ?

ನಿಮ್ಮ
ಸೀನಪ್ಪ


ಬಂಗಾರಪೇಟೆ
2-5-1958

ಪ್ರಿಯ ಸೀನಪ್ಪನವರೇ,

ಕಾಗದ ಓದುತ್ತಾ ನಾನೂ ನಕ್ಕೆ, ಎದುರಿಗೆ ಕೂತಿದ್ದವರು ಯಾಕೆ ಅಂತ ಕೇಳಿದರು. ಹೇಳಲಿಲ್ಲ.

ಏನು ಮಾಡಲಿ ಅಂತ ನನ್ನನ್ನು ಕೇಳಿದ್ದೀರಿ. ಅದನ್ನು ಕೇಳಬೇಕಾದವರು ಆ ಇಬ್ಬರು. ಅವರ ಪಾಲನ್ನು ಅವರೇ ಹೇಳಲಿ, ನಿಮ್ಮ ಪಾಲನ್ನು ನೀವು ಹೇಳಿ. ಹೇಳಿದರೆ ಏನಾಗುತ್ತದೋ ನನಗೂ ಗೊತ್ತಿಲ್ಲ. ಕಿಟಕಿ ಹೋದರೂ ಹೋಗಬಹುದು. ಹೋದರೂ ನನ್ನ ಬಾಗಿಲು ಇದ್ದೇ ಇರುತ್ತದೆ.

ಇನ್ನೊಂದು. ಮುಖ ನೋಡಲಿಲ್ಲ ಅನ್ನುವುದಕ್ಕೆ ಈಗ ಹನ್ನೊಂದು ಮನೆಯಲ್ಲಿ ಮುಖ ನೋಡುತ್ತಿದ್ದೀರಿ. ಅದನ್ನು ಕಿಟಕಿಯಲ್ಲೇ ನೋಡಿಬಿಟ್ಟರೆ? ಒಂದು ಸಲ ಮುಖ, ಒಂದು ಸಲ ಮೊಳೆ. ಮೂರನೇ ಸಲ ಇಲ್ಲ. ಮನೆಗೆ ಹೋಗಬೇಕು ಅನ್ನಿಸಿದಾಗ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ. ಎಷ್ಟು ಹೊತ್ತು ಹೊಡೆದುಕೊಂಡಿತು ಅಂತ ಬರೆದುಕೊಂಡು ಬನ್ನಿ, ಒಟ್ಟಿಗೆ ನೋಡೋಣ.

ವರಲಕ್ಷ್ಮಮ್ಮ


ಕೋರಮಂಡಲ್
10-6-1958

ಅಮ್ಮನವರಿಗೆ,

ಎದುರಿಗೆ ಎಷ್ಟು ಹೇಳಿದರೂ ಬರೆಯದಿದ್ದರೆ ತೃಪ್ತಿಯಿಲ್ಲ.

ನಿನ್ನೆ ಮೂವರೂ ಸೇರಿ ಸುಬ್ಬರಾಯಪ್ಪನವರ ಮುಂದೆ ನಿಂತೆವು. ಆರುಮುಗಂ ಒಂದು ತಿಂಗಳು ಒದ್ದಾಡಿ ಕೊನೆಗೆ, "ಆ ಎರಡ್ನೇ ಬಿಲ್ಲೆ ಇಟ್ಟ ಕೈ ನಂದೇ ಕಣಪ್ಪಾ. ನೀನು ದಿನಾ ಫಸ್ಟು ನಮ್ಮನೆಗೇ ಬರ್ತಿದ್ದಿಯಲ್ಲ, ಇವನಿಗೆ ತಿಳಿದೋಯ್ತು, ಅದಕ್ಕೇ ಬರ್ತಾನೆ ಅಂತ ಬಯ. ಬಯ ಆದ್ರೆ ಜಾಸ್ತಿ ಕಿಂಡಲ್ ಮಾಡ್ತೀನಿ ನಾನು" ಅಂದಿದ್ದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮೂವರನ್ನೂ ಬೈದರು, ಮತ್ತೆ ತೆಗೆದು ಒರೆಸಿದರು. ಮೂವರಿಗೂ ಎಚ್ಚರಿಕೆ ಕಾಗದ ಕೊಟ್ಟಿದ್ದಾರೆ. ಕಿಟಕಿಯ ವಿಷಯ ಡಾಕ್ಟರ ವರದಿ ಬಂದ ಮೇಲೆ ಅಂದರು.

ಕಿಟಕಿಯಲ್ಲಿ ಈಗ ನಾನು ಬಗ್ಗಿ, ಮುಖ ನೋಡಿ, ಹೆಸರು ಕರೆಯುತ್ತೇನೆ. ಅವರು ಬಂದೆ ಅನ್ನಬೇಕು. ಮೊದಲ ವಾರ ಸಾಲು ಉದ್ದವಾಗಿ ಬೈಗುಳವೋ ಬೈಗುಳ. ಈಗ ಅದೇ ಆಟವಾಗಿದೆ. "ದೊಡ್ಡವೆಂಕಟಪ್ಪ!" ಅಂದರೆ "ಬಂದೆ ಕಣಪ್ಪಾ, ಇನ್ನೂ ಸತ್ತಿಲ್ಲ" ಅನ್ನುತ್ತಾರೆ. ಆರುಮುಗಂ, "ಕಾಲು ಎರಡೂ ಬಂದಿದೆ, ಎಣಿಸ್ಕೋ" ಅನ್ನುತ್ತಾರೆ.

ಎದೆ ಹೊಡೆದುಕೊಂಡಿದ್ದು ಮೊದಲು ಒಂದೂವರೆ ಗಂಟೆ, ಈಗ ಇಪ್ಪತ್ತು ನಿಮಿಷ. ಹದಿನೈದು ದಿನದಿಂದ ಯಾರ ಮನೆಗೂ ಹೋಗಿಲ್ಲ. ಅದಕ್ಕೂ ದೂರು ಬಂತು! ಮಾರಿಯಮ್ಮ ನಲ್ಲಿಯ ಹತ್ತಿರ ಹಿಡಿದುಕೊಂಡು, "ಸೀನಣ್ಣ ಬರೋದ್ ನೋಡಿ ನಾನ್ ಅನ್ನ ಬಸೀತಿದ್ದೆ. ನೀನ್ ಬರ್ದೆ ಈಗ ದಿನಾ ಅನ್ನ ಮುದ್ದೆ" ಅಂದರು.

ಆದರೂ ಹೋದ ಶುಕ್ರವಾರ ಮೂರನೇ ಸಲ ಮೊಳೆ ನೋಡಿದೆ. ಬರೆದುಕೊಳ್ಳಿ.

ನಿಮ್ಮ
ಸೀನಪ್ಪ


ಬಂಗಾರಪೇಟೆ
18-6-1958

ಪ್ರಿಯ ಸೀನಪ್ಪನವರೇ,

ಮಾತು ಕೊಟ್ಟಂತೆ ವರದಿಯ ಕರಡು ಕಳಿಸುತ್ತಿದ್ದೇನೆ. ಕನ್ನಡದಲ್ಲೇ ಬರೆದಿದ್ದೇನೆ, ಆಫೀಸಿನವರು ಬೇಕಾದರೆ ಇಂಗ್ಲಿಷು ಮಾಡಿಕೊಳ್ಳಲಿ.

"ಕೋರಮಂಡಲ್ ವಾಸಿ ಸೀನಪ್ಪನವರನ್ನು ಜನವರಿ 19ರಿಂದ ಜೂನ್ 15ರವರೆಗೆ ಭಾನುವಾರಗಳಂದು ನೋಡಿದ್ದೇನೆ. ಒಟ್ಟು 22 ಭಾನುವಾರ, ಹಾಜರು 21. ಗೈರುಹಾಜರು: ಮಾರ್ಚ್ 9. ಇವರ ಆತಂಕ ಬಹುಮಟ್ಟಿಗೆ ಇಳಿದಿದೆ, ಪೂರ್ತಿ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ಜನರ ಜೀವ ಎಣಿಸುವ ಕಿಟಕಿಯಲ್ಲಿ ಸ್ವಲ್ಪ ಆತಂಕವಿರುವ ಮನುಷ್ಯ ಇರುವುದು ಒಳ್ಳೆಯದು. ಇವರು ಆ ಕೆಲಸಕ್ಕೆ ಯೋಗ್ಯರು."

ಓದಿ, ತಪ್ಪಿದ್ದರೆ ಬರೆಯಿರಿ. 25ರ ಟಪಾಲಿಗೆ ಹಾಕಬೇಕು.

ವರಲಕ್ಷ್ಮಮ್ಮ


ಕೋರಮಂಡಲ್
20-6-1958

ಅಮ್ಮನವರಿಗೆ,

ಕರಡು ಬಂತು. ನನ್ನಷ್ಟಕ್ಕೆ ಒಂದು ಸಲ ಓದಿದೆ, ಅಂಜಮ್ಮನಿಗೆ ಒಂದು ಸಲ ಓದಿ ಹೇಳಿದೆ. ಮೂರನೇ ಸಲ ಓದಿಲ್ಲ. ಕಡೆಯ ಸಾಲು ಕೇಳಿ ಅಂಜಮ್ಮ, "ಯೋಗ್ಯರು ಅಂತೆ! ಸ್ವಲ್ಪ ಜೋರಾಗಿ ಓದಿ, ಪಕ್ಕದ ಮನೆ ನರಸಮ್ಮಂಗೂ ಕೇಳ್ಲಿ" ಅಂದಳು. ಅದನ್ನು ಎರಡನೇ ಓದಿಗೇ ಸೇರಿಸಿಕೊಂಡಿದ್ದೇನೆ.

ಆತಂಕ ಪೂರ್ತಿ ಹೋಗಬೇಕಾಗಿಲ್ಲ ಅಂತ ಬರೆದಿದ್ದೀರಲ್ಲ, ಅದು ಓದಿದ ಮೇಲೆ ಸ್ವಲ್ಪ ಕಡಿಮೆಯೇ ಆಯಿತು.

ಸುಬ್ಬರಾಯಪ್ಪನವರು ನಿನ್ನೆ ಪಕ್ಕದ ಗಣಿ ಬಾಯಿಯ ಕಿಟಕಿಯವರನ್ನು ಕರೆತಂದು ನನ್ನ ಹಿಂದೆ ನಿಲ್ಲಿಸಿದ್ದರು, ಹೆಸರು ಕರೆಯುವುದನ್ನು ನೋಡಿ ಕಲಿಯಲಿ ಅಂತ. ಮುನಿಶಾಮಪ್ಪ ದೀಪದ ರೂಮಿನಿಂದ ಕುಂಟಿಕೊಂಡು ಬಂದು, ಇಳಿಯದಿದ್ದರೂ ಕಿಟಕಿಯಲ್ಲಿ ಮುಖ ಇಟ್ಟು, "ನನ್ನೂ ಕರೀಲಾ" ಅಂದರು. ಕರೆದೆ. "ಬಂದೆ" ಅಂದರು. ಲೇಟಾಗಿ ಬಂದಿರಿ ಮಾವ ಅಂದೆ.

ವರದಿಯಲ್ಲಿ ಒಂದೇ ಒಂದು ಕಡೆ ನನ್ನ ಬೆರಳು ನಿಂತಿದೆ. ತಪ್ಪಿದ್ದರೆ ತಿದ್ದಿಸಿ ಅಂತ ನೀವೇ ಹೇಳಿದ್ದಕ್ಕೆ ಧೈರ್ಯ. ಬೇರೆಯವರಾಗಿದ್ದರೆ ಆಗಲಿ ಅಂದು ಸುಮ್ಮನಿರುತ್ತಿದ್ದೆ.

ಗೈರುಹಾಜರು ಮಾರ್ಚ್ 9 ಅಂತ ಇದೆ. ಅವತ್ತು ನಾನು ಬಂದಿದ್ದೆ ಅಮ್ಮ. ನಿಮ್ಮ ಬಾಗಿಲಿಗೆ ಬೀಗ ಇತ್ತು, ತಲೆಗೆ ಹರಳೆಣ್ಣೆ ಇತ್ತು, ನಾನು ಎದುರಿಗೆ ನಿಂತಿದ್ದೆ. ನಿಮ್ಮ ರಿಜಿಸ್ಟರಿನ ಲೆಕ್ಕದಲ್ಲಿ ಆ ಒಂದು ಮೊಳೆ ಖಾಲಿ ಇದೆ. ಅದರ ಪ್ರಕಾರ ನಾನಿನ್ನೂ ಕೆಳಗೇ ಇದ್ದೇನೆ. ನಾನು ಮೇಲೆ ಬಂದಿದ್ದೇನೆ. ನೀವೇ ಮುಖ ನೋಡಿದ್ದೀರಿ.

ಟಪಾಲಿಗೆ ಹಾಕುವ ಮುಂಚೆ ಆ ತಾರೀಖನ್ನು ದಯವಿಟ್ಟು ಇನ್ನೊಂದು ಸಲ ನೋಡಿ.

ನಿಮ್ಮ
ಸೀನಪ್ಪ